ಎಳೆಯ ಚೌಕಟ್ಟಿನಲ್ಲಿ ಡೆಸ್ಕ್‌ಟಾಪ್ ತಂತ್ರಾಂಶ: ಜಿಪಿಯುಐ ಮತ್ತು ಜಾನಪದ ದಾಖಲೀಕರಣ

ಕ್ಷೇತ್ರಕಾರ್ಯದ ಧ್ವನಿಮುದ್ರಣ, ಅದರ ಪಠ್ಯ, ವಕ್ತೃವಿನ ವಿವರ ಈ ಮೂರನ್ನೂ ಒಂದೇ ಪರದೆಯಲ್ಲಿ ಜೋಡಿಸಿ ನೋಡುವ ತಂತ್ರಾಂಶ ಜಾನಪದ ಸಂಶೋಧಕರ ಬಹುದಿನದ ಅಗತ್ಯವಾಗಿದೆ. ಊರೂರು ಅಲೆಯುವವರು ಎಲ್ಲೆಡೆ ಅಂತರಜಾಲವನ್ನು ನೆಚ್ಚುವಂತಿಲ್ಲವಾದ್ದರಿಂದ ಅದು ಗಣಕದಲ್ಲಿಯೇ ಸ್ವತಂತ್ರವಾಗಿ ನಡೆಯಬೇಕು. ಇಂಥ ನೇಟಿವ್ ತಂತ್ರಾಂಶಗಳನ್ನು ಕಟ್ಟಲು ಈಚೆಗೆ ರೂಪುಗೊಂಡ ಚೌಕಟ್ಟುಗಳಲ್ಲಿ ಜಿಪಿಯುಐ ಒಂದು.

ಇದರ ಹಿನ್ನೆಲೆ ಕುತೂಹಲಕರವಾದುದು. ಆ್ಯಟಮ್ ಎಂಬ ಪಠ್ಯ ಸಂಪಾದಕಕ್ಕಾಗಿ ಗಿಟ್‌ಹಬ್ ಸಂಸ್ಥೆ ಸಿದ್ಧಪಡಿಸಿದ ತಳಹದಿಯೇ 2015ರಲ್ಲಿ ಎಲೆಕ್ಟ್ರಾನ್ ಎಂಬ ಹೆಸರು ಪಡೆಯಿತು. ಪ್ರತಿ ತಂತ್ರಾಂಶದೊಡನೆಯೂ ಇಡೀ ಬ್ರೌಸರೊಂದನ್ನು ಹೊತ್ತು ತರುವುದು ಅದರ ಕ್ರಮ. ಸುಲಭ ಹೌದು, ಹಗುರವಲ್ಲ. ಆ್ಯಟಮ್ ರೂಪಿಸಿದವರಲ್ಲಿ ಕೆಲವರು ಮುಂದೆ ಜೆಡ್ ಎಂಬ ಸಂಪಾದಕವನ್ನು ಆರಂಭಿಸಿದಾಗ ಬ್ರೌಸರನ್ನು ಕೈಬಿಟ್ಟು, ಗ್ರಾಫಿಕ್ಸ್ ಸಂಸ್ಕಾರಕದ ಮೂಲಕ ಪರದೆಯನ್ನು ಚಿತ್ರಿಸುವ ಚೌಕಟ್ಟನ್ನು ರಸ್ಟ್ ಭಾಷೆಯಲ್ಲಿ ಬರೆದರು. ಜನವರಿ 2024ರಲ್ಲಿ ಅದರ ಮೂಲಸಂಕೇತ ಮುಕ್ತವಾಯಿತು.

ಸ್ಥಾಪನೆಯ ಕ್ರಮ ದೀರ್ಘವಾದುದಲ್ಲ. ರಸ್ಟ್‌ಅಪ್ ಮೂಲಕ ರಸ್ಟ್ ಸಂಕಲಕವನ್ನೂ ಕಾರ್ಗೋ ಎಂಬ ನಿರ್ವಾಹಕವನ್ನೂ ಅಳವಡಿಸಿಕೊಳ್ಳಬೇಕು. ಮ್ಯಾಕ್ ಗಣಕದಲ್ಲಾದರೆ ಎಕ್ಸ್‌ಕೋಡ್ ಸಹ ಬೇಕು. ಕಾರ್ಗೋದಿಂದ ಹೊಸ ಯೋಜನೆಯನ್ನು ತೆರೆದು ಅವಲಂಬನೆಗಳ ಪಟ್ಟಿಯಲ್ಲಿ ಜಿಪಿಯುಐ ಹೆಸರನ್ನು ಸೇರಿಸಿದರೆ ಉಳಿದುದನ್ನು ಕಾರ್ಗೋ ತರಿಸಿಕೊಳ್ಳುತ್ತದೆ. ಮೊದಲ ಸಂಕಲನ ನಿಧಾನ, ತಾಳ್ಮೆ ಬೇಕು. ಆನಂತರ ಒಂದು ಕಿಟಕಿಯನ್ನು ತೆರೆದು ಅದರಲ್ಲಿ ಒಂದು ಸಾಲು ಕನ್ನಡವನ್ನು ಮೂಡಿಸಿ ನೋಡಬೇಕು.

ಈ ಪರೀಕ್ಷೆಯನ್ನು ಲಘುವಾಗಿ ಎಣಿಸುವಂತಿಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಯೂನಿಕೋಡ್‌ನಲ್ಲಿ ಆರು ಸಂಕೇತಗಳ ಸರಣಿ. ‘ಕಾರ್ಯ’ ಪದದ ರಕಾರವು ಸಂಗ್ರಹದಲ್ಲಿ ಯಕಾರಕ್ಕಿಂತ ಮೊದಲಿದ್ದರೂ ಅರ್ಕಾವತ್ತಾಗಿ ಅದರ ಬಲಕ್ಕೆ ಕಾಣಿಸಬೇಕು. ಬ್ರೌಸರುಗಳು ಇದರಲ್ಲಿ ಎಂದೋ ಪಳಗಿವೆ. ಬ್ರೌಸರನ್ನು ಬಿಟ್ಟ ಚೌಕಟ್ಟು ಈ ಹೊಣೆಯನ್ನು ಬೇರೆ ದಾರಿಯಲ್ಲಿ ನಿರ್ವಹಿಸಬೇಕಾಗುತ್ತದೆ. ಮ್ಯಾಕ್‌ನಲ್ಲಿ ಜಿಪಿಯುಐ ಆ ವ್ಯವಸ್ಥೆಯ ಕೋರ್‌ಟೆಕ್ಸ್ಟ್ ಸೌಲಭ್ಯವನ್ನೇ ಆಶ್ರಯಿಸುತ್ತದೆ. ಆದಕಾರಣ ಒಂದು ಬಗೆಯ ಗಣಕದಲ್ಲಿ ಸರಿಯಾಗಿ ಮೂಡಿದ ಪಠ್ಯವನ್ನು ಮತ್ತೊಂದರಲ್ಲಿ ಪುನಃ ಪರಿಶೀಲಿಸುವುದು ಅಗತ್ಯ. ಒತ್ತಕ್ಷರದ ನಡುವೆ ಕರ್ಸರ್ ನಿಲ್ಲುತ್ತದೆಯೇ, ಅಳಿಸುವ ಕೀಲಿಯನ್ನು ಒತ್ತಿದಾಗ ಏನು ಉಳಿಯುತ್ತದೆ ಎಂಬುದನ್ನೂ ನೋಡಬೇಕು.

1.0 ಆವೃತ್ತಿಯನ್ನು ಮುಟ್ಟದೆಯೇ ಹೊರಬಂದ ಚೌಕಟ್ಟು ಇದು. ಕಾರ್ಗೋ ನಿಯಮದಂತೆ 0.1ರಿಂದ 0.2ಕ್ಕೆ ಸಾಗುವುದೂ ಹಳೆಯ ಬರಹವನ್ನು ಮುರಿಯಬಲ್ಲ ಬದಲಾವಣೆಯೇ. ಆದ್ದರಿಂದ ಬಳಸಿದ ಆವೃತ್ತಿಯನ್ನು ಖಚಿತವಾಗಿ ನಮೂದಿಸಿ, ಕಾರ್ಗೋ.ಲಾಕ್ ಕಡತವನ್ನು ಕಾಪಾಡಿಕೊಳ್ಳಬೇಕು. ತಂತ್ರಾಂಶ ಮುರಿದರೆ ಮತ್ತೆ ಕಟ್ಟಬಹುದು. ಗತಿಸಿದ ದೇವರಗುಡ್ಡನಿಂದ ಮಾದೇಶ್ವರನ ಕಾವ್ಯವನ್ನು ಮತ್ತೆ ಹಾಡಿಸಲಾಗದು. ಧ್ವನಿಯನ್ನು ವೇವ್ ಕಡತಗಳಲ್ಲಿಯೂ ಪಠ್ಯವನ್ನು ಸರಳ ಯೂನಿಕೋಡ್ ಕಡತಗಳಲ್ಲಿಯೂ ಬೇರೆಯಾಗಿ ಇರಿಸಿ, ತಂತ್ರಾಂಶಕ್ಕೆ ಅವುಗಳನ್ನು ಓದುವ ಕೆಲಸವನ್ನು ಮಾತ್ರ ಒಪ್ಪಿಸುವುದು ಲೇಸು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಬೇರೆ ಬೇರೆ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕನ್ನಡ ಪಠ್ಯಗಳನ್ನು ಓದಲು ಇಂದಿಗೂ ಪರಿವರ್ತಕಗಳ ಮೊರೆಹೋಗಬೇಕಾಗಿದೆ. ಹಾಗೆ ಪರಿವರ್ತಿಸಿದ ಮೇಲೂ ಒತ್ತಕ್ಷರಗಳನ್ನು ಕೈಯಿಂದ ತಿದ್ದುವ ಕೆಲಸ ಉಳಿಯುತ್ತದೆ.