ಸೋಜುಗಾದ ಸೂಜುಮಲ್ಲಿಗೆಯ ಮಾದೇವ ಯಾರು?

'ಸೋಜುಗಾದ ಸೂಜುಮಲ್ಲಿಗೆ' ಹಾಡನ್ನು ನೀವು ಮೊದಲು ಎಲ್ಲಿ ಕೇಳಿದಿರಿ? ಅನನ್ಯಾ ಭಟ್ ದನಿಯಲ್ಲಾ? 2021ರ 'ಗರುಡ ಗಮನ ವೃಷಭ ವಾಹನ' ಸಿನಿಮಾದಲ್ಲಾ? ದೇಶದ ತುಂಬ ಹರಡಿದ ಮೇಲೆ ಕೆಲವರು ಇದನ್ನು ಪ್ರೇಮಗೀತೆ ಅಂದುಕೊಂಡರು, ಇನ್ನು ಕೆಲವರು ಕೈಲಾಸದ ಶಿವನ ಸ್ತುತಿ ಅಂದುಕೊಂಡರು.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಒಕ್ಕಲುಗಳನ್ನು ಕೇಳಿ ನೋಡಿ. ಇಲ್ಲಿ ಮಾದೇವ ಅಂದರೆ ಮಾದಪ್ಪ. ಹುಲಿ ಏರಿದ ಏಳುಮಲೆಯ ಒಡೆಯ, ಮಲೆ ಮಹದೇಶ್ವರ. ಹಾಡಿನ ಹೂವು, ಪತ್ರೆ ಎಲ್ಲವೂ ಅವನ ಪೂಜೆಗೆ.

ಈ ಹಾಡಿನ ಹಿಂದೆ ಮಾದಪ್ಪನ ಕಥೆ ಹೇಳುವ, ರಾತ್ರಿಯಿಡೀ ಹಾಡಿದರೂ ಮುಗಿಯದ ಮಹಾಕಾವ್ಯವೊಂದಿದೆ. ಕಂಸಾಳೆ ಎಂಬ ಕಂಚಿನ ತಾಳ ಹಿಡಿದ ಮಾದಪ್ಪನ ಭಕ್ತರು, ದೇವರಗುಡ್ಡರು, ಅದನ್ನು ಬಾಯಿಂದ ಬಾಯಿಗೆ ಉಳಿಸಿದರು. 1973ರಲ್ಲಿ ಪಿ.ಕೆ. ರಾಜಶೇಖರ ಅದನ್ನು ಪುಸ್ತಕವಾಗಿ ತಂದರು.

ಕಾವ್ಯದ ಭಾಗಗಳನ್ನು ಸಾಲು ಅನ್ನುತ್ತಾರೆ; ಅದರಲ್ಲಿ ನನ್ನನ್ನು ಅಲ್ಲಾಡಿಸುವುದು ಸಂಕಮ್ಮನ ಸಾಲು. ಕಾಡಿನ ಬುಡಕಟ್ಟಾದ ಸೋಲಿಗರ ಹೆಣ್ಣು ಅವಳು. ಕಾಡಿಗೆ ಹೊರಟ ಗಂಡ ನೀಲೇಗೌಡ ಅವಳ ಶೀಲವನ್ನು ಶಂಕಿಸಿ ಬಲಗೈ ಭಾಷೆ, ಅಂದರೆ ಆಣೆ, ಕೇಳುತ್ತಾನೆ. ಕೊಡಲಾರೆ ಅನ್ನುತ್ತಾಳೆ. ಎಂಥ ಧೈರ್ಯ! ಹಿಂಸೆ ಕೊಟ್ಟು ಕೂಡಿಹಾಕಿ ಹೋಗುತ್ತಾನೆ. ಅವಳ ಮೊರೆ ಕೇಳಿ ಬರುವವನು ಇದೇ ಮಾದಪ್ಪ. ಮುಂದಿನ ಕಥೆಯನ್ನು ಕಂಸಾಳೆಯವರ ಬಾಯಲ್ಲೇ ಕೇಳಿ.