ಎಂಟು ಜನ, ಒಂದು ಟರ್ಬೊ

ಮಾರಿಕುಪ್ಪಂಗೆ ಬಂದ ರೈಲು ಮುಂದಕ್ಕೆ ಹೋಗುವುದಿಲ್ಲ. ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆದು, ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಬರುವ ಹಳಿ ಇಲ್ಲಿಗೆ ಮುಗಿಯುತ್ತದೆ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲಂತೂ ಇಲ್ಲಿನ ಅನೇಕ ಮನೆಗಳ ಅನ್ನ ಆ ಹಳಿಯ ಇನ್ನೊಂದು ತುದಿಯಲ್ಲಿ, ಬೆಂಗಳೂರಿನಲ್ಲಿದೆ. ಕಾಲೇಜಿಗೆ ಹೋಗುವ ಮಕ್ಕಳು, ಕೆಲಸಕ್ಕೆ ಹೋಗುವ ಅಪ್ಪ, ಅಮ್ಮ ಎಲ್ಲರೂ ರೈಲನ್ನೇ ನಂಬಿದವರು. ಒಬ್ಬರ ಪ್ರಯಾಣಕ್ಕೆ ಅದು ಅಗ್ಗದ ದಾರಿ.

ಆದರೆ ಮನೆಮಂದಿಯೆಲ್ಲ ಒಟ್ಟಿಗೆ ಹೊರಡಬೇಕಾದಾಗ? ತಿರುಪತಿಗೆ, ಸಂಬಂಧಿಕರ ಮದುವೆಗೆ, ಅಜ್ಜಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ನೆನಪಾಗುವುದು ಎಂಟು ಜನ ಹಿಡಿಸುವ ದೊಡ್ಡ ಗಾಡಿ. ಬಾಡಿಗೆಗೆ ತರುವುದೋ, ಸೆಕೆಂಡ್ ಹ್ಯಾಂಡ್ ಒಂದನ್ನು ಕೊಂಡೇಬಿಡುವುದೋ ಎಂಬ ಚರ್ಚೆ ಶುರುವಾಗುತ್ತದೆ. ಅಪ್ಪ ಮೈಲೇಜ್ ಕೇಳುತ್ತಾರೆ, ಮಗ ಪಿಕಪ್ ಕೇಳುತ್ತಾನೆ, ಅಮ್ಮ ಬೆಲೆ ಕೇಳುತ್ತಾರೆ. ಮೂವರ ಪ್ರಶ್ನೆಗೂ ಉತ್ತರವಿರುವುದು ಬಾನೆಟ್ಟಿನ ಕೆಳಗೆ ಕೂತಿರುವ, ಬಸವನಹುಳುವಿನ ಚಿಪ್ಪಿನಂಥ ಒಂದು ಸಾಧನದಲ್ಲಿ. ಅದರ ಹೆಸರು ಟರ್ಬೊಚಾರ್ಜರ್.

ಅಂದಹಾಗೆ, ಇಂಥ ಗಾಡಿಗಳಿಗೆ ಅಮೆರಿಕದಲ್ಲಿ ಸ್ಟೇಷನ್ ವ್ಯಾಗನ್ ಎಂಬ ಹೆಸರು ಬಂದದ್ದೇ ರೈಲು ನಿಲ್ದಾಣದಿಂದ. ರೈಲಿಳಿದ ಪ್ರಯಾಣಿಕರನ್ನೂ ಅವರ ಗಂಟುಮೂಟೆಯನ್ನೂ ಒಯ್ಯುತ್ತಿದ್ದ ಬಂಡಿಗಳ ವಂಶ ಅದು. ಹಳಿ ಕೊನೆಗೊಳ್ಳುವ ಊರಿನಲ್ಲಿ ಇದರ ಮಾತು ಬರುವುದು ಸಹಜವೇ.

ಒತ್ತಿದ ಗಾಳಿಯ ಬಲ

ಒತ್ತಡದ ಗಾಳಿಗೆ ಎಷ್ಟು ಬಲವಿದೆ ಎಂಬುದನ್ನು ಕೆ.ಜಿ.ಎಫ್‌ನವರಿಗೆ ಹೇಳಿಕೊಡಬೇಕಾಗಿಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಚಾಂಪಿಯನ್ ರೀಫ್‌ನಂಥ ಗಣಿಗಳಲ್ಲಿ ಬಂಡೆ ಕೊರೆದ ಡ್ರಿಲ್‌ಗಳು ಓಡುತ್ತಿದ್ದುದು ಒತ್ತಿದ ಗಾಳಿಯಿಂದ. ಟರ್ಬೊ ಮಾಡುವುದೂ ಗಾಳಿಯನ್ನು ಒತ್ತುವ ಕೆಲಸವನ್ನೇ. ಉದ್ದೇಶ ಮಾತ್ರ ಬೇರೆ.

ಎಂಜಿನ್ನಿನ ಶಕ್ತಿ ಅದು ಸುಡುವ ಇಂಧನಕ್ಕೆ ತಕ್ಕಂತೆ. ಇಂಧನ ಸುಡಬೇಕಾದರೆ ಆಮ್ಲಜನಕ ಬೇಕು. ಸಾಧಾರಣ ಎಂಜಿನ್ ತನ್ನ ಪಿಸ್ಟನ್ ಕೆಳಗಿಳಿದಾಗ ಎಷ್ಟು ಗಾಳಿ ಒಳಗೆ ಬರುತ್ತದೋ ಅಷ್ಟರಲ್ಲೇ ಸಂಸಾರ ಮಾಡಬೇಕು. ಹೆಚ್ಚು ಶಕ್ತಿ ಬೇಕೆಂದರೆ ಎಂಜಿನ್ ಗಾತ್ರವನ್ನೇ ದೊಡ್ಡದು ಮಾಡಬೇಕು. ಸ್ವಿಟ್ಸರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಬೇರೊಂದು ಉಪಾಯ ಹುಡುಕಿ 1905ರಲ್ಲಿ ಪೇಟೆಂಟ್ ಪಡೆದರು. ಸೈಲೆನ್ಸರ್ ಮೂಲಕ ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸುವುದು, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು. ಕಾರಿನ ಟರ್ಬೊದಲ್ಲಿ ಈ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ಮಕ್ಕಳು ಗಮನಿಸಿರಬಹುದು. ಒತ್ತಿದ ಗಾಳಿ ಇಲ್ಲೂ ಬಿಸಿಯೇರಿ ಹಿಗ್ಗುತ್ತದೆ. ಹೀಗಾಗಿ ಅನೇಕ ಎಂಜಿನ್ನುಗಳಲ್ಲಿ ಅದನ್ನು ತಂಪು ಮಾಡಲು ಇಂಟರ್‌ಕೂಲರ್ ಎಂಬ ಜಾಲರಿ ಇರುತ್ತದೆ.

ಇದು ಪೂರ್ತಿ ಪುಕ್ಕಟೆ ಶಕ್ತಿಯೇನಲ್ಲ. ಹೊಗೆಯ ದಾರಿಗೆ ಚಕ್ರ ಅಡ್ಡ ಬಂದುದರಿಂದ ಎಂಜಿನ್ ಸ್ವಲ್ಪ ತೆರ ತೆರಬೇಕು. ಜೊತೆಗೆ, ಚಕ್ರ ವೇಗ ಪಡೆಯಲು ಕ್ಷಣಕಾಲ ಬೇಕು. ಹಳೆಯ ಡಬ್ಲ್ಯೂಡಿಎಂ-2 ಡೀಸೆಲ್ ರೈಲು ಎಂಜಿನ್ ಹೊರಡುವಾಗ ಕಪ್ಪು ಹೊಗೆಯ ಮೋಡವನ್ನೇ ಎಬ್ಬಿಸುತ್ತಿದ್ದುದನ್ನು ಕಂಡವರು ಬಹಳ. 16 ಸಿಲಿಂಡರ್, 2600 ಅಶ್ವಶಕ್ತಿಯ ಆ ಎಂಜಿನ್ನಿಗೂ ಟರ್ಬೊ ಇತ್ತು. ಡೀಸೆಲ್ ಬಂದಾಗಿದೆ, ಟರ್ಬೊ ಇನ್ನೂ ವೇಗ ಹಿಡಿದಿಲ್ಲ, ಗಾಳಿ ಸಾಲದು ಎಂಬುದೇ ಆ ಹೊಗೆಯ ಅರ್ಥ. ವಾಹನಪ್ರಿಯರು ಟರ್ಬೊ ಲ್ಯಾಗ್ ಎನ್ನುವುದು ಇದನ್ನೇ.

ಕೋಲಾರ ಜಿಲ್ಲೆಯವರಿಗೆ ಇದರಿಂದ ಇನ್ನೊಂದು ಲಾಭವಿದೆ. ಕೆ.ಜಿ.ಎಫ್ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಹೆಚ್ಚುಕಡಿಮೆ ಶೇಕಡಾ 9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಆ ಪ್ರಮಾಣದಲ್ಲಿ ಸೊರಗುತ್ತದೆ, ಟರ್ಬೊ ಇರುವುದು ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ.

ಕ್ವಾಲಿಸ್‌ನಿಂದ ಇನ್ನೋವಾಗೆ

ಭಾರತದಲ್ಲಿ ಕುಟುಂಬದ ವ್ಯಾಗನ್ ಎಂಬ ಆಸೆಯನ್ನು ಮೊದಲು ಹುಟ್ಟಿಸಿದವುಗಳಲ್ಲಿ 1992ರ ಟಾಟಾ ಎಸ್ಟೇಟ್ ಒಂದು. ಉದ್ದನೆಯ ಚೆಂದದ ಗಾಡಿ, ಆದರೆ ಭಾರಕ್ಕೆ ತಕ್ಕ ಶಕ್ತಿ ಇರಲಿಲ್ಲ. 1994ರಲ್ಲಿ ಬಂದ ಸುಮೊ ಗಟ್ಟಿಮುಟ್ಟಾಗಿ ದುಡಿದು ಹಳ್ಳಿ ರಸ್ತೆಗಳನ್ನು ಗೆದ್ದಿತು. ಕಥೆ ನಿಜವಾಗಿ ತಿರುಗಿದ್ದು ಬಿಡದಿಯಲ್ಲಿ. ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸ್, ಬೆಂಗಳೂರಿನ ಕಾಲ್ ಸೆಂಟರ್‌ಗಳ ರಾತ್ರಿ ಪಾಳಿಯ ಹುಡುಗ ಹುಡುಗಿಯರನ್ನು ಮನೆ ಮುಟ್ಟಿಸಿಯೇ ಹೆಸರು ಗಳಿಸಿತು. ಅದು ಇಂಡೊನೇಷ್ಯಾದ ಕಿಜಾಂಗ್ ಎಂಬ ಗಾಡಿಯ ರೂಪಾಂತರ. ಅಲ್ಲಿನ ಭಾಷೆಯಲ್ಲಿ ಕಿಜಾಂಗ್ ಎಂದರೆ ನಮ್ಮ ಕಾಡುಕುರಿ ಜಾತಿಯ ಜಿಂಕೆ. ಎಂಟು ಹತ್ತು ಜನರನ್ನು ತುಂಬಿಕೊಂಡು ಏರು ಹತ್ತುವಾಗ ಜಿಂಕೆಯ ನೆನಪು ಯಾರಿಗೂ ಬರುತ್ತಿರಲಿಲ್ಲವೆನ್ನಿ!

ಕ್ವಾಲಿಸ್ ಡೀಸೆಲ್ ಎಂಜಿನ್ 2446 ಸಿ.ಸಿ., ಟರ್ಬೊ ಇಲ್ಲ, ಶಕ್ತಿ 75 ಅಶ್ವಶಕ್ತಿ. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಕಂಪನಿ ಇನ್ನೋವಾ ತಂದಿತು. ಎಂಜಿನ್ ಗಾತ್ರ ಹೆಚ್ಚುಕಡಿಮೆ ಅಷ್ಟೇ, 2494 ಸಿ.ಸಿ. ಆದರೆ ಟರ್ಬೊ ಮತ್ತು ಹೊಸ ಬಗೆಯ ಇಂಧನ ಪೂರೈಕೆ ಸೇರಿ ಶಕ್ತಿ 102ಕ್ಕೆ ಏರಿತು. 2016ರ ಇನ್ನೋವಾ ಕ್ರಿಸ್ಟಾದಲ್ಲಿ ಎಂಜಿನ್ 2393 ಸಿ.ಸಿ.ಗೆ ಇಳಿಯಿತು, ಶಕ್ತಿ 150ಕ್ಕೆ ಹೋಯಿತು. ವಿದ್ಯಾರ್ಥಿಗಳು ಭಾಗಿಸಿ ನೋಡಬಹುದು: ಲೀಟರ್ ಗಾತ್ರಕ್ಕೆ ಕ್ವಾಲಿಸ್‌ನಲ್ಲಿ ಸುಮಾರು 31 ಅಶ್ವಶಕ್ತಿ, ಮೊದಲ ಇನ್ನೋವಾದಲ್ಲಿ 41, ಕ್ರಿಸ್ಟಾದಲ್ಲಿ 63. ಹದಿನಾರು ವರ್ಷಗಳಲ್ಲಿ ಎರಡು ಪಟ್ಟು.

ದಿನನಿತ್ಯದ ಓಡಾಟದಲ್ಲಿ ಅನುಭವಕ್ಕೆ ಬರುವುದು ಅಶ್ವಶಕ್ತಿಗಿಂತ ಹೆಚ್ಚಾಗಿ ಟಾರ್ಕ್, ಅಂದರೆ ಚಕ್ರವನ್ನು ತಿರುಚುವ ಬಲ. ಕ್ವಾಲಿಸ್ ತನ್ನ ಗರಿಷ್ಠ 151 ನ್ಯೂಟನ್ ಮೀಟರ್ ಕೊಡಲು ಎಂಜಿನ್ 2400 ಸುತ್ತು ತಿರುಗಬೇಕಿತ್ತು. ಇನ್ನೋವಾ 1400 ಸುತ್ತಿನಲ್ಲೇ 200 ಕೊಡುತ್ತಿತ್ತು. ಮುಂದೆ ಟೊಮೆಟೊ ಲಾರಿ, ಎದುರಿಗೆ ದೂರದಲ್ಲಿ ಬಸ್ಸು, ಗಾಡಿಯಲ್ಲಿ ಎಂಟು ಜನ ಇರುವಾಗ ಹಿಂದಿಕ್ಕಲು ಎಂಟು ಸೆಕೆಂಡ್ ಸಾಕೇ, ಹನ್ನೆರಡು ಬೇಕೇ ಎಂಬುದನ್ನು ನಿರ್ಧರಿಸುವುದು ಈ ಬಲ. ಪಿಕಪ್ ಕೇಳುವ ಮಗನ ಮಾತಿನಲ್ಲಿ ಅಷ್ಟರಮಟ್ಟಿಗೆ ಹುರುಳಿದೆ.

ಹೊರದೇಶಗಳಲ್ಲಿ ಈ ಹುಚ್ಚು ಇನ್ನೂ ಮುಂದೆ ಹೋಗಿತ್ತು. 1980ರಲ್ಲೇ ಮರ್ಸಿಡಿಸ್ ಟರ್ಬೊ ಡೀಸೆಲ್ ವ್ಯಾಗನ್ ಮಾರಿತು. 1994ರಲ್ಲಿ ಆಡಿ, ಪೋರ್ಷೆ ಜೊತೆಗೂಡಿ ತಂದ ಆರ್‌ಎಸ್2 ವ್ಯಾಗನ್ನಿಗೆ 2.2 ಲೀಟರಿನ ಟರ್ಬೊ ಎಂಜಿನ್, 315 ಅಶ್ವಶಕ್ತಿ! ಅದೇ ವರ್ಷ ವೋಲ್ವೊ ಕಂಪನಿ ತನ್ನ 850 ವ್ಯಾಗನ್ನನ್ನು ಬ್ರಿಟನ್ನಿನ ಟೂರಿಂಗ್ ಕಾರ್ ರೇಸಿಗೇ ಇಳಿಸಿತು. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ ರೇಸಿಗೆ ಬಂತೆಂದು ನಕ್ಕವರಿಗೆ ಉತ್ತರವಾಗಿ, ಹಿಂದಿನ ಡಿಕ್ಕಿಯಲ್ಲಿ ದೊಡ್ಡ ನಾಯಿಗೊಂಬೆ ಕೂರಿಸಿಕೊಂಡು ಮೆರವಣಿಗೆಯ ಸುತ್ತು ಹಾಕಿದರು. ತಮಾಷೆಯೆಂದರೆ ರೇಸಿನ ನಿಯಮದಂತೆ ಆ ಕಾರಿಗೆ ಟರ್ಬೊ ಇರಲಿಲ್ಲ, ಅಂಗಡಿಯಲ್ಲಿ ಸಿಗುತ್ತಿದ್ದ 850 ಟಿ-5ಗೆ ಇತ್ತು.

ಕೊಳ್ಳುವ ಮುನ್ನ

ಹೊಸ ಇನ್ನೋವಾದ ಬೆಲೆ ಸಾಮಾನ್ಯ ಸಂಬಳದಾರರ ಕೈಗೆಟಕುವಂಥದ್ದಲ್ಲ. ಇಂಥ ಊರುಗಳಲ್ಲಿ ಚರ್ಚೆಗೆ ಬರುವುದು ಹತ್ತು ಹನ್ನೆರಡು ವರ್ಷ ಓಡಿದ ಗಾಡಿ. ಇಲ್ಲಿಯೇ ಮೋಸಹೋಗುವ ಭಯ. ಟರ್ಬೊ ಕೆಟ್ಟರೆ ರಿಪೇರಿ ಖರ್ಚು ಮಗಳ ಒಂದು ವರ್ಷದ ಕಾಲೇಜು ಫೀಸನ್ನು ನುಂಗಿಬಿಡಬಹುದು.

ಟರ್ಬೊದ ದಂಡ ತೇಲುವುದು ಎಂಜಿನ್ ಆಯಿಲಿನ ತೆಳು ಪದರದ ಮೇಲೆ. ಆಯಿಲ್ ಹಳತಾದರೆ ಮೊದಲು ಸವೆಯುವುದು ಅದೇ. ಹೀಗಾಗಿ ಸರ್ವಿಸ್ ದಾಖಲೆ ಇಲ್ಲದ ಗಾಡಿ ಎಷ್ಟೇ ಹೊಳೆಯುತ್ತಿದ್ದರೂ ಅನುಮಾನದಿಂದಲೇ ನೋಡಬೇಕು. ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಹೊಗೆ ಗಮನಿಸುವುದು ಒಳ್ಳೆಯದು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ, ಟರ್ಬೊದ ಸೀಲ್ ಹೋಗಿರಬಹುದು. ಬಿಡದೆ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ. ಸಣ್ಣ ಸಿಳ್ಳಿನಂಥ ಸದ್ದು ಸಹಜ, ಸೈರನ್ನಿನಂತೆ ಕೂಗಿದರೆ ಬೇರಿಂಗ್ ಸವೆದಿರುವ ಸಂಭವ ಹೆಚ್ಚು. ಆರ್.ಸಿ. ಪುಸ್ತಕದಲ್ಲಿ ಗಾಡಿ ಮೊದಲು ಹಳದಿ ಬೋರ್ಡ್ ಆಗಿತ್ತೇ ಎಂಬುದನ್ನೂ ನೋಡಬೇಕು. ಟ್ಯಾಕ್ಸಿಯಾಗಿ ದುಡಿದುದು ಕೆಟ್ಟದ್ದೆಂದಲ್ಲ, ಆದರೆ ಅದರ ಬೆಲೆ ಬೇರೆ. ಬಿಳಿ ಬೋರ್ಡಿನ ಗಾಡಿಗೆ 15 ವರ್ಷ ತುಂಬಿದ ಮೇಲೆ ಎಫ್.ಸಿ. ಮಾಡಿಸಿ ನೋಂದಣಿ ನವೀಕರಿಸಬೇಕೆಂಬುದು ಮರೆಯಬಾರದ ಲೆಕ್ಕ.

ಕೊಂಡ ಮೇಲೆ ಒಂದು ಅಭ್ಯಾಸ ಬೆಳೆಸಿಕೊಳ್ಳುವುದು ಕ್ಷೇಮ. ದೂರದಿಂದ ವೇಗವಾಗಿ ಬಂದು ನಿಂತೊಡನೆ ಕೀ ತಿರುಗಿಸಿ ಆಫ್ ಮಾಡಬಾರದು. ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲಿ. ಇಲ್ಲವಾದರೆ ಕೆಂಡದಂತಿರುವ ಟರ್ಬೊದೊಳಗೆ ಆಯಿಲ್ ನಿಂತು ಸೀದುಹೋಗುತ್ತದೆ.

2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್-6 ನಿಯಮದ ಡೀಸೆಲ್ ಗಾಡಿಗಳದು ಇನ್ನೊಂದು ಬಗೆ. ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕ ಇರುತ್ತದೆ. ಆಗಾಗ ದೂರ ಓಡಿಸಿದರೆ ಅದು ಬಿಸಿಯಾಗಿ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಮಾರಿಕುಪ್ಪಂನಿಂದ ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಗೆ ಹೋಗಿ ಬರುವಷ್ಟೇ ಓಡಾಟವಿದ್ದವರಿಗೆ ಸೋಸುಕ ಕಟ್ಟಿಕೊಳ್ಳುವ ತೊಂದರೆ ತಪ್ಪಿದ್ದಲ್ಲ. ಅಂಥವರಿಗೆ ಪೆಟ್ರೋಲೇ ವಾಸಿ. 2022ರಲ್ಲಿ ಬಂದ ಕಿಯಾ ಕ್ಯಾರೆನ್ಸ್, 1.4 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನಿಂದಲೇ 140 ಅಶ್ವಶಕ್ತಿ ತೆಗೆದು ತೋರಿಸಿತು. ಅದೇ ವರ್ಷದ ಕೊನೆಗೆ ಬಂದ ಇನ್ನೋವಾ ಹೈಕ್ರಾಸ್‌ನಲ್ಲಾದರೋ ಟರ್ಬೊವೇ ಇಲ್ಲ. ಅದರ ಹೈಬ್ರಿಡ್ ಮಾದರಿಯಲ್ಲಿ ಟರ್ಬೊ ಮಾಡುತ್ತಿದ್ದ ಸಹಾಯವನ್ನು ವಿದ್ಯುತ್ ಮೋಟಾರು ಮಾಡುತ್ತದೆ, ಅದೂ ಲ್ಯಾಗ್ ಇಲ್ಲದೆ.

ಹೊಸ ರಸ್ತೆ, ಹಳೆಯ ಭೌತಶಾಸ್ತ್ರ

ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಹೊಸಕೋಟೆ-ಬೇತಮಂಗಲ ಭಾಗ, ಸುಮಾರು 71 ಕಿ.ಮೀ., 2024ರ ಡಿಸೆಂಬರ್‌ನಲ್ಲಿ ಸಂಚಾರಕ್ಕೆ ತೆರೆಯಿತು. ಮಾಲೂರು, ಬಂಗಾರಪೇಟೆಗಳ ಬಳಿ ಹಾದು ಬರುವ ಈ ನೇರ ರಸ್ತೆ ಟರ್ಬೊ ಗಾಡಿಯ ಕಾಲನ್ನು ಕೆರಳಿಸುವಂಥದ್ದು. ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಕಾರುಗಳಿಗೆ 2018ರ ಕೇಂದ್ರ ಅಧಿಸೂಚನೆ ನಿಗದಿ ಮಾಡಿದ ಗರಿಷ್ಠ ಮಿತಿ 120 ಕಿ.ಮೀ. ಫಲಕದಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದೇ ಮಿತಿ.

ಶಾಲೆಯಲ್ಲಿ ಕಲಿತ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 120ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಬ್ರೇಕ್ ತಡೆಯಬೇಕಾದ ಶಕ್ತಿ ಎರಡೂಕಾಲು ಪಟ್ಟು. 120ರಲ್ಲಿ ಚಾಲಕ ಅಪಾಯ ಕಂಡು ಕಾಲನ್ನು ಬ್ರೇಕಿಗೆ ತರುವ ಒಂದು ಸೆಕೆಂಡಿನಲ್ಲೇ ಗಾಡಿ 33 ಮೀಟರ್ ಹೋಗಿರುತ್ತದೆ. ಎಂಟು ಜನರ ಭಾರವೂ ಸೇರಿದರೆ ಟರ್ಬೊ ಒಳ್ಳೆಯದಿರುವುದಕ್ಕಿಂತ ಟೈರ್ ಒಳ್ಳೆಯದಿರುವುದು ಮುಖ್ಯ. ಮೂರನೇ ಸಾಲಿನಲ್ಲಿ ಮಕ್ಕಳನ್ನು ಒತ್ತಿ ಕೂರಿಸುವ ರೂಢಿಯಂತೂ ಬಿಡಲೇಬೇಕು. ಹಿಂದಿನ ಬಾಗಿಲು ಅವರ ಬೆನ್ನಿಗೇ ಅಂಟಿಕೊಂಡಿರುತ್ತದೆ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಹಾಕದಿದ್ದರೆ 2019ರ ತಿದ್ದುಪಡಿಯಂತೆ ಸಾವಿರ ರೂಪಾಯಿ ದಂಡವೂ ಇದೆ.

ಗಾಡಿ ಕೊಳ್ಳುವುದಕ್ಕಿಂತ ಅದನ್ನು ಬಿಚ್ಚಿ ಜೋಡಿಸುವುದರಲ್ಲೇ ಆಸಕ್ತಿ ಇರುವ ಮಕ್ಕಳೂ ಇರುತ್ತಾರೆ. ಬುಲ್ಡೋಜರ್, ಎಕ್ಸ್‌ಕವೇಟರ್ ತಯಾರಿಸುವ ಬೆಮೆಲ್ ಕಾರ್ಖಾನೆ ಕೆ.ಜಿ.ಎಫ್‌ನಲ್ಲೇ ಇದೆ. ಆ ಯಂತ್ರಗಳ ದೊಡ್ಡ ಡೀಸೆಲ್ ಎಂಜಿನ್ನುಗಳಿಗೂ ಉಸಿರು ಕೊಡುವುದು ಟರ್ಬೊವೇ. ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ, ಕರ್ನಾಟಕದ ಬಡ ಕುಟುಂಬಗಳ ಹತ್ತನೇ ತರಗತಿ ಪಾಸಾದ ಮಕ್ಕಳನ್ನು ಆರಿಸಿಕೊಂಡು ಅಲ್ಲಿಯೇ ಉಳಿಸಿ ಕಲಿಸುತ್ತ ಬಂದಿದೆ. ಮೊದಲು ಹುಡುಗರಿಗಷ್ಟೇ ಇದ್ದ ಬಾಗಿಲು ಆಮೇಲೆ ಹುಡುಗಿಯರಿಗೂ ತೆರೆದಿದೆ. ಪ್ರವೇಶಕ್ಕೆ ಪರೀಕ್ಷೆ ಇರುತ್ತದೆ, ಗಣಿತ ಮತ್ತು ವಿಜ್ಞಾನವನ್ನು ಚೆನ್ನಾಗಿ ಓದಿಕೊಂಡು ಹೋಗಬೇಕು.