ಒಂದೇ ಆದೇಶ, ಮೂರು ಊರು

ಭಾರತದಲ್ಲಿ ಕೊರೊನಾಕ್ಕೆ ಮೊದಲು ಬಲಿಯಾದವರು ಕಲಬುರಗಿಯ 76 ವರ್ಷದ ಹಿರಿಯರು. 2020ರ ಮಾರ್ಚ್ 10ರಂದು ಅವರು ತೀರಿಕೊಂಡಾಗ ಪಕ್ಕದ ಬೀದರ್ ಜಿಲ್ಲೆಯಲ್ಲಿ ಒಂದು ಪ್ರಕರಣವೂ ಪತ್ತೆಯಾಗಿರಲಿಲ್ಲ. ಮಾರ್ಚ್ 25ಕ್ಕೆ ದೇಶವೆಲ್ಲ ಲಾಕ್‌ಡೌನ್ ಆಯಿತು. ಆದೇಶ ಎಲ್ಲ ಊರಿಗೂ ಒಂದೇ. ಆದರೆ ಬೀದರ್ ನಗರ, ಭಾಲ್ಕಿ, ಔರಾದ್ ಹೊಟ್ಟೆ ಹೊರೆಯುವ ಬಗೆ ಒಂದೇ ಅಲ್ಲ, ಹಾಗಾಗಿ ಪೆಟ್ಟು ಬಿದ್ದ ಬಗೆಯೂ ಒಂದೇ ಆಗಲಿಲ್ಲ.

ಬೀದರ್ ನಗರದಲ್ಲಿ ಹೊರಗಿನಿಂದ ಬಂದು ಹೋಗುವವರನ್ನು ನಂಬಿ ಬದುಕುವವರು ಬಹಳ. ಕೋಟೆ ನೋಡಲು ಬರುವವರು, ಗುರುನಾನಕ್ ಝೀರಾದ ಯಾತ್ರಿಕರು, ಹಾಸ್ಟೆಲಿನಲ್ಲಿದ್ದು ವೈದ್ಯಕೀಯ ಸೀಟಿಗೆ ಓದುವ ಮಕ್ಕಳು, ಇವರೆಲ್ಲ ಇದ್ದರೆ ಖಾನಾವಳಿ, ಆಟೋ, ಜೆರಾಕ್ಸ್ ಅಂಗಡಿ ನಡೆಯುತ್ತವೆ. ಬೆಂಗಳೂರಿನ ವಿಮಾನ ಫೆಬ್ರುವರಿ 7ಕ್ಕೆ ಹಾರಾಟ ಶುರುಮಾಡಿ, ಎರಡು ತಿಂಗಳು ತುಂಬುವ ಮೊದಲೇ ನಿಂತಿತು. ಏಪ್ರಿಲ್‌ನಲ್ಲಿ ಸೋಂಕು ಕಾಣಿಸಿಕೊಂಡು ಹಳೆ ನಗರದ ಓಣಿಗಳಿಗೆ ತಡೆ ಬಿತ್ತು.

ಬಿದ್ರಿ ಕೆಲಸದವರ ಕಷ್ಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸತುವಿಗೆ ತುಸು ತಾಮ್ರ ಸೇರಿಸಿ ಎರಕ ಹೊಯ್ಯುವವರು ಒಬ್ಬರು, ಅದರ ಮೇಲೆ ಉಳಿಯಿಂದ ಚಿತ್ತಾರ ಕೊರೆಯುವವರು ಇನ್ನೊಬ್ಬರು, ಆ ಗೀರಿಗೆ ಬೆಳ್ಳಿ ತಂತಿ ಕೂರಿಸಿ ಬಡಿಯುವವರು ಮತ್ತೊಬ್ಬರು. ಕೊನೆಗೆ ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕಲಸಿ ಬಿಸಿಮಾಡಿ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಬೆಳ್ಳಿಗೆ ಮೊದಲೇ ದುಡ್ಡು ಹಾಕಬೇಕು, ಅದು ವಾಪಸ್ ಬರುವುದು ಮಾಲು ಮಾರಿದ ಮೇಲೆ. ಪ್ರದರ್ಶನ, ಪ್ರವಾಸಿಗರು ಎರಡೂ ಇಲ್ಲದೆ ತಯಾರಾದ ಮಾಲು ಹಾಗೇ ಉಳಿಯಿತು. ಮಾರ್ಚ್‌ನಲ್ಲಿ ಕಿಲೋಗೆ 40,000 ರೂಪಾಯಿ ಆಸುಪಾಸಿನಲ್ಲಿದ್ದ ಬೆಳ್ಳಿ ಆಗಸ್ಟ್‌ನಲ್ಲಿ 70,000 ದಾಟಿತು. ಮತ್ತೆ ಕೆಲಸ ಹಿಡಿಯೋಣವೆಂದರೆ ಮೊದಲಿನಷ್ಟು ದುಡ್ಡಿಗೆ ಮೊದಲಿನಷ್ಟು ಬೆಳ್ಳಿ ಇಲ್ಲ. ರಾಜ್ಯ ಸರ್ಕಾರ ಮೇ 6ರಂದು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿ ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000, ನೇಕಾರರಿಗೆ 2,000 ಕೊಟ್ಟಿತು. ಕೊಟ್ಟದ್ದು ಒಳ್ಳೆಯದೇ. ಆದರೆ ಕಸುಬಿನ ಹೆಸರು ಹಿಡಿದು ಪಟ್ಟಿ ಮಾಡಿದಾಗ, ಒಂದೇ ಊರಿಗೆ ಸೇರಿದ ಬಿದ್ರಿಯಂಥ ಸಣ್ಣ ಕಸುಬು ರಾಜಧಾನಿಯ ಕಣ್ಣಿಗೆ ಬೀಳುವುದು ಕಷ್ಟ.

ಭಾಲ್ಕಿಯ ಕಡೆ ಲಾಕ್‌ಡೌನ್ ಹೊತ್ತಿಗೆ ಹಿಂಗಾರಿ ಕಡಲೆಯ ರಾಶಿ ಮುಗಿದಿತ್ತು. ಮನೆಯಲ್ಲಿ ಕಾಳಿದೆ, ಕೈಯಲ್ಲಿ ಕಾಸಿಲ್ಲ. ಕೃಷಿ ಮಾರುಕಟ್ಟೆಗೆ ಕೇಂದ್ರ ಸರ್ಕಾರ ಮಾರ್ಚ್ ಮುಗಿಯುವುದರೊಳಗೆ ವಿನಾಯಿತಿ ಕೊಟ್ಟಿತ್ತು ನಿಜ. ಆದರೆ ಗಂಜ್ ನಡೆಯಲು ಹಮಾಲರು ಬರಬೇಕು, ಗೋಣಿಚೀಲ ಸಿಗಬೇಕು, ಲಾರಿ ಚಾಲಕನಿಗೆ ದಾರಿಯಲ್ಲಿ ಊಟ ಸಿಗಬೇಕು. ಒಂದು ಕೊಂಡಿ ಕಳಚಿದರೂ ವಿನಾಯಿತಿ ಕಾಗದದ ಮೇಲೇ ಉಳಿಯುತ್ತದೆ. ಕಡಲೆಗೆ ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 4,875 ರೂಪಾಯಿ. ಖರೀದಿ ಕೇಂದ್ರದ ಸರದಿಗೆ ಕಾಯುವ ತಾಕತ್ತಿದ್ದವರಿಗೆ ಆ ಬೆಲೆ ಸಿಕ್ಕೀತು. ಕಿರಾಣಿ ಅಂಗಡಿಯ ಉದ್ರಿ ತೀರಿಸಬೇಕಾದವರು ಕಾಯುವುದು ಹೇಗೆ?

2020ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು ಕಾಲುಭಾಗ ಕುಸಿಯಿತು. ಕೃಷಿ ಮಾತ್ರ ಶೇ. 3.4ರಷ್ಟು ಬೆಳೆಯಿತು ಎಂದು ಆಗಿನ ಅಂದಾಜು ಹೇಳಿತು. ಈ ಅಂಕಿ ಹೇಳುವುದು ಬೆಳೆದದ್ದರ ಲೆಕ್ಕ. ಬೆಳೆದವರ ಕೈಗೆ ಎಷ್ಟು ಬಂತು, ಯಾವಾಗ ಬಂತು ಎಂಬುದು ಅದರಲ್ಲಿಲ್ಲ.

ಔರಾದ್ ತಾಲ್ಲೂಕಿನ ಹಳ್ಳಿ ಮತ್ತು ತಾಂಡಾಗಳಿಂದ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುವವರು ಬಹಳ. ಇಲ್ಲಿ ಊರಿಗೆ ಬೀಗ ಬೀಳುವ ಮೊದಲೇ ದೂರದ ಕಟ್ಟಡದ ಕೆಲಸ ನಿಂತು, ಮನೆಗೆ ಬರುತ್ತಿದ್ದ ಹಣ ನಿಂತಿತು. ಆಮೇಲೆ ಜನರೇ ಬಂದರು. ಮಹಾರಾಷ್ಟ್ರದಿಂದ ಬಂದವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಲಾಯಿತು. ಸೋಂಕು ತಡೆಯಲು ಅದು ಬೇಕಿತ್ತು. ಆದರೆ ಕೆಲಸ ಕಳೆದುಕೊಂಡೇ ಬಂದವರಿಗೆ ಕೂಲಿಯಿಲ್ಲದ ದಿನಗಳು ಇನ್ನಷ್ಟು ಉದ್ದವಾದವು.

ಅವರ ಹೊಟ್ಟೆಗೆ ಆಸರೆಯಾದದ್ದು ಪಡಿತರ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಕೇಂದ್ರದಿಂದ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಹೆಚ್ಚುವರಿಯಾಗಿ ಪುಕ್ಕಟೆ ಸಿಕ್ಕಿತು. ಕೈಗೆ ಕಾಸು ಕೊಟ್ಟದ್ದು ಉದ್ಯೋಗ ಖಾತ್ರಿ. ಬದು, ಕೃಷಿ ಹೊಂಡ, ಕೆರೆಯ ಹೂಳು, ದಿನಕ್ಕೆ 275 ರೂಪಾಯಿ. ನಗರದ ಗಾರೆ ಕೆಲಸದ ಕೂಲಿಗೆ ಇದು ಸಮವಲ್ಲ, ಆದರೂ ಆ ಬೇಸಿಗೆಯಲ್ಲಿ ಬೇರೆ ಕೂಲಿ ಎಲ್ಲಿತ್ತು? ಆಗ ಖಾತ್ರಿ ಯೋಜನೆಗೆ ಕೇಂದ್ರ ಇನ್ನೂ 40,000 ಕೋಟಿ ರೂಪಾಯಿ ಸೇರಿಸಿದ್ದು ಇಡೀ ಪರಿಹಾರದಲ್ಲಿ ಅತ್ಯಂತ ಸರಿಯಾದ ತೀರ್ಮಾನ ಎಂದು ನಾನು ನಂಬಿದ್ದೇನೆ. ಅಕ್ಕಿ ಹಸಿವು ನೀಗಿಸುತ್ತದೆ. ಕೂಲಿಯ ರೊಕ್ಕ ಅದರ ಜೊತೆಗೆ ಸಂತೆಗೂ ಹೋಗುತ್ತದೆ, ತರಕಾರಿಯವಳಿಗೂ ಹೊಲಿಗೆಯವನಿಗೂ ಸೇರುತ್ತದೆ.

ಊರು ಬಿಟ್ಟು ದುಡಿಯುವವರು ಎಷ್ಟು ಮಂದಿ, ಎಲ್ಲಿದ್ದಾರೆ ಎಂಬ ಪಟ್ಟಿ ಮಾತ್ರ ಯಾವ ಕಚೇರಿಯಲ್ಲೂ ಸರಿಯಾಗಿ ಇರಲಿಲ್ಲ. ಅಸಂಘಟಿತ ಕಾರ್ಮಿಕರ ಹೆಸರು ನೋಂದಾಯಿಸುವ ಇ-ಶ್ರಮ್ ಪೋರ್ಟಲ್ ಶುರುವಾದದ್ದು 2021ರ ಆಗಸ್ಟ್ 26ರಂದು. ಅಷ್ಟರಲ್ಲಿ ಎರಡನೇ ಅಲೆಯ ಲಾಕ್‌ಡೌನೂ ಮುಗಿದು, ಔರಾದಿನ ಅನೇಕರು ಮತ್ತೆ ಹೈದರಾಬಾದಿನ ಬಸ್ಸು ಹತ್ತಿದ್ದರು.